ಓದಲಾಗದ ಪುಸ್ತಕದ ಗಿಡಗಳು: ವಾಯ್ನಿಚ್ ಹಸ್ತಪ್ರತಿಯ ಮೂರು ಪುಟಗಳ ಪ್ರಕರಣ

ಯಾರೂ ಓದಲಾಗದ ಒಂದು ಹಳೇ ಪುಸ್ತಕದಲ್ಲಿರುವ ಗಿಡಗಳು ಯಾವುವು ಅಂತ ಗುರುತಿಸಲು ಹೊರಟ ಪ್ರಕರಣ ಇದು. ಇದರಲ್ಲಿ ಇಬ್ಬರು ಮುಖ್ಯರು. ಒಬ್ಬರು ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಪ್ರಾಧ್ಯಾಪಕಿ. ಇನ್ನೊಬ್ಬ ಅವರ ಹಳೇ ಶಿಷ್ಯ, ಈಗ ಎಣ್ಣೆಕಾಳು ಬೆಳೆಗಳ ಕೆಲಸದಲ್ಲಿದ್ದಾನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಾಲೇಜು ಯಾವುದನ್ನೂ ಹೇಳುವುದಿಲ್ಲ. ಮೇಡಂ, ಶಿಷ್ಯ ಅಂದರೆ ಸಾಕು. ಹಳೆಯ ಹಸ್ತಪ್ರತಿಗಳ ಬಗ್ಗೆ ನಾನು ಓದಿಕೊಂಡಿದ್ದೇನೆ ಅಂತ ನನ್ನನ್ನೂ ಜೊತೆಗೆ ಸೇರಿಸಿಕೊಂಡರು. ಚಿತ್ರ ಒದಗಿಸುವುದು, ಕಾಲ-ದೇಶದ ವಿಷಯ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂತು. ಗಿಡದ ತೀರ್ಮಾನ ಅವರದ್ದೇ.

ಹಿನ್ನೆಲೆ

ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೈನೆಕಿ ಗ್ರಂಥಾಲಯದಲ್ಲಿ ‘ಎಂಎಸ್ 408’ ಅನ್ನುವ ಪುಸ್ತಕ ಇದೆ. ಜನ ಅದನ್ನು ವಾಯ್ನಿಚ್ ಹಸ್ತಪ್ರತಿ ಎನ್ನುತ್ತಾರೆ. ವಿಲ್ಫ್ರಿಡ್ ವಾಯ್ನಿಚ್ ಎಂಬ ಹಳೇ ಪುಸ್ತಕಗಳ ವ್ಯಾಪಾರಿ 1912ರಲ್ಲಿ ಇಟಲಿಯ ಜೆಸ್ಯೂಟ್ ಪಾದ್ರಿಗಳಿಂದ ಅದನ್ನು ಕೊಂಡ. 1969ರಲ್ಲಿ ಅದು ಯೇಲ್‌ಗೆ ದಾನವಾಗಿ ಸೇರಿತು. ಸುಮಾರು 23 ಸೆಂಟಿಮೀಟರ್ ಎತ್ತರದ ಸಾಧಾರಣ ಗಾತ್ರದ ಪುಸ್ತಕ. ಹಾಳೆಗಳು ಹದ ಮಾಡಿದ ಕರುವಿನ ಚರ್ಮದವು. ಇನ್ನೂರ ನಲವತ್ತರ ಆಸುಪಾಸು ಪುಟ ಉಳಿದಿದೆ. ಅದರಲ್ಲಿ ಅರ್ಧದಷ್ಟು ಪುಟಗಳಲ್ಲಿ ಪುಟಕ್ಕೊಂದರಂತೆ ದೊಡ್ಡ ಗಿಡದ ಚಿತ್ರ, ಅದರ ಸುತ್ತ ಬರಹ. ಆ ಲಿಪಿಯನ್ನು ಇವತ್ತಿನವರೆಗೂ ಎಲ್ಲರೂ ಒಪ್ಪುವಂತೆ ಯಾರೂ ಓದಿಲ್ಲ.

ಈ ಗಿಡಗಳ ಒಗಟು ಹೊಸದಲ್ಲ. 1639ರಲ್ಲಿ ಈ ಪುಸ್ತಕ ಪ್ರಾಗ್ ನಗರದ ಬರೆಶ್ ಎಂಬಾತನ ಹತ್ತಿರ ಇತ್ತು. ಆತ ರೋಮಿನ ವಿದ್ವಾಂಸ ಅಥನೇಸಿಯಸ್ ಕಿರ್ಶರ್‌ಗೆ ಪತ್ರ ಬರೆದು ಸಹಾಯ ಕೇಳಿದ. ಇದರಲ್ಲಿರುವ ಗಿಡಗಳು ಜರ್ಮನ್ ಸೀಮೆಯಲ್ಲಿ ಯಾರೂ ಕಾಣದವು ಅಂತ ಅದರಲ್ಲಿ ಹೇಳಿದ್ದಾನೆ. ಅಂದರೆ ಪುಸ್ತಕದ ಬಗ್ಗೆ ನಮಗೆ ಸಿಕ್ಕಿರುವ ಹಳೆಯ ಪತ್ರದಲ್ಲೇ ಈ ಪ್ರಶ್ನೆ ಇದೆ.

ಮೇಡಂಗೆ ಇದರ ಮೇಲೆ ಆಸಕ್ತಿ ಹುಟ್ಟಿದ್ದು ಗ್ರಂಥಾಲಯ ಪುಟಗಳನ್ನೆಲ್ಲ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದ್ದರಿಂದ. ಮನೆಯಲ್ಲೇ ಕೂತು ಒಂದೊಂದು ಗೆರೆಯನ್ನೂ ಹಿಗ್ಗಿಸಿ ನೋಡಬಹುದು. ನಲವತ್ತು ವರ್ಷ ಒಣಗಿಸಿದ ಗಿಡಗಳ ಹಾಳೆ ತಿರುವಿದವರಿಗೆ ಇಂಥದ್ದು ಸಿಕ್ಕರೆ ಬಿಡ್ತಾರಾ?

ಗಿಡದ ಹೆಸರಿಗೆ ಯಾಕಿಷ್ಟು ಬೆಲೆ

ಗಿಡದ ಪುಟಗಳಲ್ಲಿ ಮೊದಲ ಪದ ಹೆಚ್ಚಾಗಿ ಪುಸ್ತಕದ ಬೇರೆಲ್ಲೂ ಬರುವುದಿಲ್ಲ. ಅದು ಆ ಗಿಡದ ಹೆಸರೇ ಇರಬಹುದು ಅನ್ನುವ ಆಸೆ ಹುಟ್ಟುವುದು ಸಹಜ. ಒಂದು ಗಿಡವನ್ನು ಗಟ್ಟಿಯಾಗಿ ಗುರುತಿಸಿದರೆ ಒಂದು ಪದ ಸಿಗುತ್ತೆ. ಪದ ಸಿಕ್ಕರೆ ನಾಲ್ಕಾರು ಅಕ್ಷರಗಳ ಉಚ್ಚಾರ ಸಿಗುತ್ತೆ. 2014ರಲ್ಲಿ ಬ್ರಿಟನ್ನಿನ ಭಾಷಾವಿಜ್ಞಾನಿ ಸ್ಟೀಫನ್ ಬ್ಯಾಕ್ಸ್ ಹೆಚ್ಚುಕಮ್ಮಿ ಇದೇ ದಾರಿ ಹಿಡಿದು ಕೆಲವು ಪದಗಳನ್ನು ಓದಿದೆ ಎಂದರು. ಆದರೆ ಆ ಓದನ್ನು ಉಳಿದ ಪುಟಗಳಿಗೆ ಬೆಳೆಸಲು ಆಗಲಿಲ್ಲ.

ತೊಡಕು ಇಲ್ಲೇ ಇದೆ. ಗಿಡ ತಪ್ಪಾದರೆ ಪದ ತಪ್ಪು, ಅಕ್ಷರ ತಪ್ಪು. ಆಮೇಲೆ ಅದೇ ತಪ್ಪು ಅಕ್ಷರ ಹಿಡಿದು ಮುಂದಿನ ಗಿಡ ‘ಸರಿ’ ಅಂತ ಕಾಣಲು ಶುರುವಾಗುತ್ತೆ. ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇವೆ.

ಮೇಡಂ ಮೊದಲ ದಿನವೇ ಒಂದು ಕಟ್ಟುಪಾಡು ಹಾಕಿದರು. ಅಕ್ಷರದ ಕಡೆ ನೋಡುವ ಹಾಗಿಲ್ಲ, ಚಿತ್ರ ಮಾತ್ರ. ಶಿಷ್ಯನಿಗೆ ಇದು ಇಷ್ಟವಾಗಲಿಲ್ಲ, ಆದರೂ ಒಪ್ಪಿದ. ಈ ತೀರ್ಮಾನ ಮುಂದೆ ಎಷ್ಟೋ ಗೊಂದಲ ತಪ್ಪಿಸಿತು.

ಸೂರ್ಯಕಾಂತಿಯ ಜಗಳ

ಶಿಷ್ಯ ಆರಿಸಿಕೊಂಡ ಮೊದಲ ಪುಟ 93ನೇ ಹಾಳೆಯ ಮುಂಬದಿ. ಗಿಡದ ತುದಿಯಲ್ಲಿ ದೊಡ್ಡದೊಂದು ಗುಂಡನೆಯ ಹೂತಲೆ.

“ಮೇಡಂ, ಇದು ಸೂರ್ಯಕಾಂತಿ ಅಲ್ಲದೆ ಮತ್ತೇನು? ದಿನಾ ಹೊಲದಲ್ಲಿ ನೋಡ್ತೀನಿ.”

“ಹೂ ಬಿಡಪ್ಪ. ಎಲೆ ಹೇಳು.”

ಸೂರ್ಯಕಾಂತಿಯ ಎಲೆ ಅಗಲ, ಬುಡದಲ್ಲಿ ಹೃದಯದ ಆಕಾರ. ಬುಡದಿಂದಲೇ ಮೂರು ದಪ್ಪ ನರ ಎದ್ದು ಕಾಣುತ್ತೆ. ಉದ್ದನೆ ತೊಟ್ಟು, ಒರಟು ರೋಮ. ಗಿಡದ ಕೆಳಭಾಗದಲ್ಲಿ ಎಲೆ ಎದುರುಬದುರು, ಮೇಲೆ ಹೋದಂತೆ ಒಂದಾದ ಮೇಲೊಂದು. ಇದರಲ್ಲಿ ಯಾವುದು ಚಿತ್ರದಲ್ಲಿ ಖಚಿತವಾಗಿ ಕಾಣುತ್ತೆ ಅಂತ ಮೇಡಂ ಕೇಳಿದರು. ಶಿಷ್ಯ ತುಂಬ ಹೊತ್ತು ಹುಡುಕಿದ. ಕೊನೆಗೆ ಅವನ ಹತ್ತಿರ ಉಳಿದದ್ದು ಹೂತಲೆಯ ಗಾತ್ರ ಒಂದೇ. ಆ ಕಾಲದ ಚಿತ್ರದಲ್ಲಿ ಗಾತ್ರಕ್ಕೆ ಅರ್ಥವಿಲ್ಲ. ಹೂವನ್ನು ಎಲೆಗಿಂತ ದೊಡ್ಡದಾಗಿ, ಬೇರನ್ನು ಗಿಡದಷ್ಟೇ ದಪ್ಪವಾಗಿ ಬರೆಯುವುದು ಮಾಮೂಲು.

ಸೂರ್ಯಕಾಂತಿ ಎಂದವನು ಶಿಷ್ಯ ಮೊದಲಿಗನೇನಲ್ಲ. 1944ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಹ್ಯೂ ಓ’ನೀಲ್ ‘ಸ್ಪೆಕ್ಯುಲಮ್’ ಪತ್ರಿಕೆಯಲ್ಲಿ ಚಿಕ್ಕದೊಂದು ಟಿಪ್ಪಣಿ ಬರೆದರು. ಈ ಪುಟದಲ್ಲಿ ಸೂರ್ಯಕಾಂತಿ ಇದೆ, 101ನೇ ಹಾಳೆಯ ಹಿಂಬದಿಯಲ್ಲಿ ಮೆಣಸಿನಕಾಯಿ ಇದೆ ಎಂದರು. ಎರಡೂ ಅಮೆರಿಕ ಖಂಡದ ಗಿಡಗಳು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಅಲ್ಲಿಯದೇ, ಪೋರ್ಚುಗೀಸರ ಹಡಗು ಹತ್ತಿ ಬಂದದ್ದು. ಹಾಗಾಗಿ ಪುಸ್ತಕ ಕೊಲಂಬಸ್ ವಾಪಸ್ ಬಂದ 1493ಕ್ಕಿಂತ ಮುಂಚಿನದ್ದಾಗಿರಲು ಸಾಧ್ಯವೇ ಇಲ್ಲ ಅನ್ನುವುದು ಅವರ ವಾದ. ಬೇರೆ ಸಸ್ಯಶಾಸ್ತ್ರಜ್ಞರೂ ಸೂರ್ಯಕಾಂತಿಗೆ ಹೂಂಗುಟ್ಟಿದ್ದರು. ತುಂಬ ವರ್ಷ ಈ ಮಾತು ನಡೆಯಿತು.

2009ರಲ್ಲಿ ಅರಿಜೋನಾ ವಿಶ್ವವಿದ್ಯಾಲಯದವರು ಬೇರೆ ಬೇರೆ ಕಡೆಯ ನಾಲ್ಕು ಹಾಳೆಗಳಿಂದ ಚೂರು ತೆಗೆದು, ಎಷ್ಟು ಹಳೇದು ಅಂತ ತಿಳಿಯುವ ಇಂಗಾಲದ ಪರೀಕ್ಷೆ ಮಾಡಿದರು. ಚರ್ಮದ ಕಾಲ 1404ರಿಂದ 1438ರ ಒಳಗೆ ಬಂತು. ಕೊಲಂಬಸ್‌ಗಿಂತ ಅರ್ಧ ಶತಮಾನ ಹಿಂದೆ.

ಶಿಷ್ಯ ಇಷ್ಟಕ್ಕೆ ಬಿಡಲಿಲ್ಲ. “ಚರ್ಮ ಹಳೇದು ಅಂದ್ರೆ ಬರಹ ಹಳೇದು ಅಂತಾಗುತ್ತಾ? ಖಾಲಿ ಹಾಳೆ ನೂರು ವರ್ಷ ಇಟ್ಟುಕೊಂಡು ಆಮೇಲೆ ಬರೆದಿದ್ದರೆ?” ಒಳ್ಳೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕುವ ಕೆಲಸ ನನ್ನದಾಯಿತು. ಚರ್ಮದ ಹಾಳೆ ದುಬಾರಿ ವಸ್ತು. ಒಂದೆರಡು ಹಾಳೆ ಮೂಲೆಯಲ್ಲಿ ಉಳಿಯಬಹುದು. ನೂರಕ್ಕೂ ಹೆಚ್ಚು ಹಾಳೆ, ಅದೂ ಒಂದೇ ಕಾಲದ್ದು, ಹಾಗೇ ಉಳಿಯೋದು ಕಷ್ಟ. ಜೊತೆಗೆ ಪುಸ್ತಕದ ರಾಶಿಚಕ್ರದ ಪುಟಗಳಲ್ಲಿ ಮನುಷ್ಯರ ಉಡುಪು, ಮಡಿಚಿದ ದೊಡ್ಡ ಹಾಳೆಯಲ್ಲಿರುವ ಕೋಟೆಯ ತೆನೆಗಳ ಆಕಾರ, ಎಲ್ಲವೂ 15ನೇ ಶತಮಾನದ ಯುರೋಪಿನ ಕಡೆಗೇ ಕೈ ತೋರಿಸುತ್ತವೆ. ಶಿಷ್ಯ ಅರೆಮನಸ್ಸಿನಿಂದ ಒಪ್ಪಿದ.

ಒಪ್ಪಿದ ಮೇಲೂ ಅವನು ಇನ್ನೊಂದು ಕಡೆ ವಾಲಿದ. 2013ರ ಕೊನೆಗೆ ಆರ್ಥರ್ ಟಕರ್ ಮತ್ತು ರೆಕ್ಸ್‌ಫರ್ಡ್ ಟಾಲ್ಬರ್ಟ್ ಎಂಬ ಇಬ್ಬರು ಈ ಪುಸ್ತಕದ 37 ಗಿಡಗಳನ್ನು ಗುರುತಿಸಿದ್ದೇವೆ, ಅವು ಮೆಕ್ಸಿಕೊ ಸುತ್ತಮುತ್ತಲಿನವು ಎಂದರು. 1552ರಲ್ಲಿ ಮೆಕ್ಸಿಕೊದಲ್ಲಿ ತಯಾರಾದ ಔಷಧಿ ಗಿಡಗಳ ಒಂದು ಹಸ್ತಪ್ರತಿಯ ಜೊತೆ ಹೋಲಿಕೆ ತೋರಿಸಿದರು. ಓದಿದಾಗ ಮನಸ್ಸು ಸೆಳೆಯುವಂತೆಯೇ ಇತ್ತು. ಮೇಡಂ ಆ ಹೋಲಿಕೆಗಳನ್ನು ಒಂದೊಂದಾಗಿ ನೋಡಿದರು. ಅಲ್ಲಿ ಒಂದು ಎಲೆ ಹೊಂದುತ್ತದೆ, ಇಲ್ಲಿ ಒಂದು ಬೇರು ಹೊಂದುತ್ತದೆ. ಅದೇ ಚಿತ್ರಕ್ಕೆ ಯುರೋಪಿನ ಗಿಡ ಹುಡುಕಿದರೂ ಅಷ್ಟೇ ಹೊಂದಿಕೆ ಸಿಗುತ್ತದೆ. ಪ್ರಪಂಚದ ಗಿಡಗಳೆಲ್ಲ ಕೈಲಿದ್ದರೆ ಯಾವ ಚಿತ್ರಕ್ಕೂ ಜೋಡಿ ಸಿಕ್ಕೇ ಸಿಗುತ್ತೆ.

ಮೊದಲ ಪ್ರಯತ್ನ: ಫೋಟೊ ಜೋಡಿಸುವುದು

ಆರಂಭದಲ್ಲಿ ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹಸ್ತಪ್ರತಿಯ ಚಿತ್ರ ಒಂದು ಕಡೆ, ನಿಜವಾದ ಗಿಡದ ಫೋಟೊ ಇನ್ನೊಂದು ಕಡೆ. ಶಿಷ್ಯ ಗಿಡ ಗುರುತಿಸುವ ಮೊಬೈಲ್ ಆ್ಯಪ್‌ಗೂ ಪುಟಗಳನ್ನು ತೋರಿಸಿದ. ಅದು ಪ್ರತಿ ಸಲ ಒಂದು ಹೆಸರು ಹೇಳಿತು. ಒಂದೇ ಪುಟವನ್ನು ಸ್ವಲ್ಪ ಓರೆಯಾಗಿ ಹಿಡಿದರೆ ಬೇರೆ ಹೆಸರು.

“ಅದಕ್ಕೆ ಗೊತ್ತಿಲ್ಲ ಅನ್ನೋಕೇ ಬರಲ್ವಾ?” ಅಂತ ಮೇಡಂ ಕೇಳಿದರು.

ಪಟ್ಟಿ ಬೆಳೆಯುತ್ತಾ ಹೋಯಿತು. ಹೆಸರುಗಳು ಜಾಸ್ತಿ ಆದಷ್ಟೂ ಶಿಷ್ಯನಿಗೆ ಖುಷಿ, ಮೇಡಂಗೆ ಆತಂಕ. ಈ ಪಟ್ಟಿ ಇಟ್ಟುಕೊಂಡು ಒಂದು ಲೇಖನ ಬರೆಯೋಣ ಅಂತ ಶಿಷ್ಯ ಹೇಳಿದ. ಮೇಡಂ ಬೇಡ ಎಂದರು. ಕಾರಣ ಸರಳ. ಈ ಹೆಸರುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಹೇಳುವವರೇ ಇಲ್ಲ. ಪುಸ್ತಕ ಓದಲು ಬರಲ್ಲ. ಪರೀಕ್ಷೆ ಬರೆದಿದ್ದೇವೆ, ಉತ್ತರ ಪತ್ರಿಕೆ ತಿದ್ದುವವರಿಲ್ಲ.

ಬಣ್ಣದ ವಿಷಯವೂ ಆಗಲೇ ಎದ್ದಿತು. ಇಂಕು ಮತ್ತು ಬಣ್ಣಗಳ ಪರೀಕ್ಷೆ 2009ರಲ್ಲೇ ಆಗಿದೆ. ಗೆರೆಗಳು ಆ ಕಾಲದ ಮಾಮೂಲಿ ಕಬ್ಬಿಣದ ಮಸಿಯವು. ನೀಲಿ ಅಜುರೈಟ್ ಕಲ್ಲಿನದು, ಹಸಿರು ತಾಮ್ರದ್ದು. ಪುಟ ಹಿಗ್ಗಿಸಿ ನೋಡಿದರೆ ಗೆರೆ ಎಷ್ಟು ನಾಜೂಕೋ ಬಣ್ಣ ಅಷ್ಟೇ ಒರಟು. ಹಸಿರು ಎಲೆಯ ಅಂಚು ದಾಟಿ ಚೆಲ್ಲಿದೆ. ಕೆಲವೆಡೆ ಅರ್ಧ ಬಳಿದು ಬಿಟ್ಟಿದ್ದಾರೆ. ಗೆರೆ ಎಳೆದವರೇ ಬಣ್ಣ ಹಚ್ಚಿದರಾ, ಆಮೇಲೆ ಯಾರೋ ಹಚ್ಚಿದರಾ ಅನ್ನುವ ಚರ್ಚೆ ಇನ್ನೂ ನಡೆದಿದೆ. ಮೇಡಂ ಅಲ್ಲಿಂದ ಮುಂದೆ ಎಲ್ಲ ಪುಟಗಳನ್ನೂ ಕಪ್ಪು-ಬಿಳುಪಿನಲ್ಲಿ ಮುದ್ರಿಸಿ ತರಲು ಹೇಳಿದರು. ಹೂ ನೀಲಿ ಇದೆ, ಹಾಗಾಗಿ ಇಂಥ ಗಿಡ ಅನ್ನುವ ವಾದಕ್ಕೆ ಜಾಗವೇ ಉಳಿಯಲಿಲ್ಲ. ಪಟ್ಟಿಯಲ್ಲಿದ್ದ ಎಷ್ಟೋ ಹೆಸರು ಆ ಒಂದೇ ಹೆಜ್ಜೆಗೆ ಉದುರಿಹೋದವು.

ತಿರುವು: ಓದಬಲ್ಲ ಪುಸ್ತಕದಲ್ಲಿ ಪರೀಕ್ಷೆ

ಈ ಪ್ರಕರಣ ಬರೆಯಲು ಮುಖ್ಯ ಕಾರಣ ಈ ಭಾಗವೇ.

ಹಸ್ತಪ್ರತಿಯ ಕಾಲಕ್ಕೇ ಸೇರಿದ, ಹೆಸರು ಬರೆದಿರುವ ಗಿಡದ ಪುಸ್ತಕ ಬೇರೆ ಇದೆಯಾ ಅಂತ ಮೇಡಂ ನನ್ನನ್ನು ಕೇಳಿದರು. ಇದೆ, ಬೇಕಾದಷ್ಟಿದೆ. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ‘ಸ್ಲೋನ್ 4016’ ಸುಮಾರು 1440ರ ಹೊತ್ತಿಗೆ ಉತ್ತರ ಇಟಲಿಯ ಲೊಂಬಾರ್ಡಿಯಲ್ಲಿ ತಯಾರಾದದ್ದು. ಪ್ರತಿ ಗಿಡದ ಪಕ್ಕ ಹೆಸರಿದೆ. ಅದೇ ಸೀಮೆಯಲ್ಲಿ ‘ರಸವಾದಿಗಳ ಗಿಡದ ಪುಸ್ತಕ’ ಅಂತ ಕರೆಯುವ ಇನ್ನೊಂದು ಗುಂಪಿನ ಹಸ್ತಪ್ರತಿಗಳಿವೆ. ಅವುಗಳಲ್ಲಿ ಬೇರುಗಳಿಗೆ ಪ್ರಾಣಿಯ, ಮನುಷ್ಯನ ರೂಪ ಕೊಡುವುದು ಸಾಮಾನ್ಯ. ವಾಯ್ನಿಚ್ ಪುಸ್ತಕದಲ್ಲೂ 33ನೇ ಹಾಳೆಯ ಮುಂಬದಿಯ ಬೇರಿನಲ್ಲಿ ಮನುಷ್ಯರ ಮುಖಗಳಿವೆ.

ಮೇಡಂ ಹೇಳಿದ್ದು ಇಷ್ಟು: “ಹೆಸರು ಮುಚ್ಚಿ ಕೊಡಿ. ನಾನು ಒಂದು ಕಡೆ ಕೂತು ಬರೀತೀನಿ, ಅವನು ಇನ್ನೊಂದು ಕಡೆ ಬರೀಲಿ. ಉತ್ತರ ಗೊತ್ತಿರೋ ಪುಸ್ತಕದಲ್ಲಿ ನಾವು ಎಷ್ಟು ಸರಿ ಅಂತ ಮೊದಲು ನೋಡೋಣ.”

ನಾನು ಹಾಗೇ ಮಾಡಿದೆ. ಹೆಸರಿನ ಭಾಗ ಕತ್ತರಿಸಿ, ಪುಟಗಳನ್ನು ಕಲಸಿ, ಕಪ್ಪು-ಬಿಳುಪಿನಲ್ಲಿ ಇಬ್ಬರಿಗೂ ಕೊಟ್ಟೆ. ಹೆಸರಿನ ಜೊತೆಗೆ ಎಷ್ಟು ಖಾತ್ರಿ ಅಂತಲೂ ಬರೆಯಬೇಕಿತ್ತು.

ಫಲಿತಾಂಶ ಇಬ್ಬರನ್ನೂ ತಡೆದು ನಿಲ್ಲಿಸಿತು. ಸರಿಯಾದವು ಅರ್ಧದಷ್ಟೂ ಇರಲಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಪೂರ್ತಿ ಖಾತ್ರಿ ಅಂತ ಬರೆದಿದ್ದರಲ್ಲೂ ತಪ್ಪುಗಳಿದ್ದವು. ಶಿಷ್ಯ ಹೂ ನೋಡಿ ಹೇಳಿದ್ದು ಹೆಚ್ಚಾಗಿ ತಪ್ಪಾಯಿತು. ಮೇಡಂ ಎಲೆ ಕಾಂಡಕ್ಕೆ ಸೇರುವ ಜಾಗ ನೋಡಿ ಹೇಳಿದ್ದು ಹೆಚ್ಚು ಸರಿಯಾಯಿತು. ಬೇರು ನೋಡಿ ಹೇಳಿದ್ದು ಇಬ್ಬರಿಗೂ ಕೈಕೊಟ್ಟಿತು.

ಒಂದು ಚಿತ್ರ ಮಾತ್ರ ಇಬ್ಬರೂ ಕ್ಷಣದಲ್ಲಿ ಗುರುತಿಸಿದರು. ಮ್ಯಾಂಡ್ರೇಕ್. ಬೇರು ಮನುಷ್ಯನ ಮೈಯಂತೆ ಇದೆ. ನೆಲದಿಂದ ಕಿತ್ತರೆ ಅದು ಕಿರುಚುತ್ತದೆ ಅಂತ ಯುರೋಪಿನಲ್ಲಿ ಹಳೇ ನಂಬಿಕೆ. ಶಿಷ್ಯ ಖುಷಿಪಟ್ಟ. ಮೇಡಂ ಸ್ವಲ್ಪ ಹೊತ್ತು ಆ ಚಿತ್ರವನ್ನೇ ನೋಡುತ್ತಾ ಕೂತರು.

“ಇದನ್ನ ಗಿಡ ನೋಡಿ ಗುರುತಿಸಲಿಲ್ಲಪ್ಪ. ಕತೆ ಗೊತ್ತಿತ್ತು, ಹಾಗಾಗಿ ಗುರುತಿಸಿದ್ವಿ. ಕತೆ ಗೊತ್ತಿಲ್ಲದವರಿಗೆ ಇದು ಯಾವ ಗಿಡಾನೂ ಅಲ್ಲ.”

ನನ್ನ ಮಟ್ಟಿಗೆ ಇಡೀ ಪ್ರಕರಣದ ಅತಿ ಬೆಲೆಯುಳ್ಳ ಮಾತು ಇದು. ವಾಯ್ನಿಚ್ ಪುಸ್ತಕದ ವಿಚಿತ್ರ ಬೇರುಗಳನ್ನು ನಾವು ಸಸ್ಯಶಾಸ್ತ್ರದ ಲಕ್ಷಣ ಅಂತ ಓದಲು ಹೋಗಿದ್ದೆವು. 49ನೇ ಹಾಳೆಯ ಬೇರಿನ ಹತ್ತಿರ ಹಾವಿನಂಥ ಜೀವಿಗಳಿವೆ. 25ನೇ ಹಾಳೆಯ ಹಿಂಬದಿಯಲ್ಲಿ ಡ್ರ್ಯಾಗನ್ ಮರಿಯಂಥ ಪುಟ್ಟ ಪ್ರಾಣಿ ಗಿಡಕ್ಕೆ ಬಾಯಿ ಹಾಕಿದೆ. ಆ ಕಾಲದ ಬೇರೆ ಪುಸ್ತಕಗಳಲ್ಲಿ ಗಿಡದ ಜೊತೆ ಹಾವು ಬರೆದರೆ ಅದು ಹಾವಿನ ವಿಷಕ್ಕೆ ಮದ್ದು ಅನ್ನುವ ಸೂಚನೆ ಇರುತ್ತಿತ್ತು. ಇಲ್ಲೂ ಹಾಗೇ ಇರಬಹುದು. ಇದ್ದರೆ ಅದು ಗಿಡದ ಉಪಯೋಗ ಹೇಳುತ್ತದೆಯೇ ಹೊರತು ರೂಪವನ್ನಲ್ಲ.

ಇನ್ನೊಂದು ಮಾತೂ ಸ್ಪಷ್ಟವಾಯಿತು. ಆ ಕಾಲದ ಚಿತ್ರಕಾರರು ತೋಟಕ್ಕೆ ಹೋಗಿ ಗಿಡ ನೋಡಿ ಬರೆದದ್ದು ಕಮ್ಮಿ. ಹಳೇ ಪುಸ್ತಕದ ಚಿತ್ರ ನೋಡಿ ಹೊಸ ಪುಸ್ತಕಕ್ಕೆ ಇಳಿಸುತ್ತಿದ್ದರು. ಪ್ರತಿ ಸಲ ಇಳಿಸುವಾಗ ಎಲೆ ಸ್ವಲ್ಪ ಬದಲು, ಹೂ ಸ್ವಲ್ಪ ಬದಲು. ಹಾಗಾಗಿ ಜೀವಂತ ಗಿಡದ ಫೋಟೊ ಪಕ್ಕ ಇಟ್ಟು ಹೋಲಿಸುವುದಕ್ಕಿಂತ, ಅದೇ ಗಿಡವನ್ನು ಅದೇ ಕಾಲದವರು ಹೇಗೆ ಬರೆದಿದ್ದಾರೆ ಅಂತ ಹೋಲಿಸುವುದೇ ಸರಿಯಾದ ದಾರಿ.

ಎರಡನೇ ಪ್ರಯತ್ನ, ಮೂರು ಪುಟ

ಹಳೇ ಪಟ್ಟಿ ಪಕ್ಕಕ್ಕಿಟ್ಟು ಮೂರೇ ಪುಟ ಉಳಿಸಿಕೊಂಡರು. ಪ್ರತಿ ಪುಟಕ್ಕೂ ಮೇಡಂ ಒಂದು ಕೋಷ್ಟಕ ಹಾಕಿದರು. ಎಲೆ, ಎಲೆ ಕೂರುವ ರೀತಿ, ಹೂ, ಬೇರು, ಸಮಕಾಲೀನ ಚಿತ್ರ. ಕೊನೆಯ ಕಾಲಂ ಅವರದೇ ಯೋಚನೆ: ಯಾವುದು ಕಂಡರೆ ಈ ಹೆಸರು ಕೈಬಿಡುತ್ತೇವೆ. ಹೆಸರು ಬರೆಯುವ ಮುಂಚೆ ಆ ಕಾಲಂ ತುಂಬಬೇಕು.

9ನೇ ಹಾಳೆಯ ಹಿಂಬದಿ ಸುಲಭವಾಗಿ ತೀರಿತು. ಚಳಿಗಾಲದಲ್ಲಿ ನಮ್ಮಲ್ಲಿ ಕುಂಡದಲ್ಲಿ ಬೆಳೆಸುವ ಪ್ಯಾನ್ಸಿಯ ಕಾಡು ಬಂಧು, ವಯೋಲಾ ಕುಲದ್ದು. ಬಹಳ ಜನ ಬೇರೆ ಬೇರೆಯಾಗಿ ಇದೇ ತೀರ್ಮಾನಕ್ಕೆ ಬಂದಿದ್ದಾರೆ. ಬಣ್ಣ ತೆಗೆದು ನೋಡಿದರೂ ಹೂವಿನ ಗೆರೆಯೇ ಮಾತಾಡುತ್ತದೆ. ವಯೋಲಾ ಆ ಕಾಲದ ಔಷಧಿ ಪುಸ್ತಕಗಳಲ್ಲಿ ಇದ್ದೇ ಇರುವ ಗಿಡ. ಕುಲದವರೆಗೆ (ಜೀನಸ್) ಹೆಸರು ಕೊಟ್ಟರು, ಜಾತಿಗೆ (ಸ್ಪೀಶೀಸ್) ಹೋಗಲಿಲ್ಲ.

2ನೇ ಹಾಳೆಯ ಹಿಂಬದಿಗೆ ಹೆಚ್ಚು ಸಮಯ ಹಿಡಿಯಿತು. ಒಂದು ದೊಡ್ಡ ದುಂಡನೆ ಎಲೆ, ಒಂದು ಬಿಳಿ ಹೂ, ಕೆಳಗೆ ದಪ್ಪ ಗೆಡ್ಡೆಯಂಥ ಬೇರು. ಕೆರೆಯ ಪಕ್ಕ ಬೆಳೆದ ಯಾರೇ ನೋಡಿದರೂ ನೈದಿಲೆ ಅಂತಾರೆ. ಶಿಷ್ಯನೂ ಹಾಗೇ ಅಂದ. ಮೇಡಂ ಅಲ್ಲಿ ಇನ್ನೊಂದು ಕುಲವನ್ನು ಎದುರಿಗಿಟ್ಟರು, ನಿಂಫಾಯ್ಡಿಸ್. ಅದರ ಎಲೆಯೂ ನೈದಿಲೆಯಂತೆಯೇ ದುಂಡಗೆ ನೀರಿನ ಮೇಲೆ ತೇಲುತ್ತದೆ, ಆದರೆ ಗಿಡದ ವಂಶವೇ ಬೇರೆ. ನೈದಿಲೆಗೆ ಎಸಳುಗಳು ಸುತ್ತು ಸುತ್ತಾಗಿ ತುಂಬಾ ಇರುತ್ತವೆ, ನಿಂಫಾಯ್ಡಿಸ್‌ಗೆ ಸಾಮಾನ್ಯವಾಗಿ ಐದು. ಯುರೋಪಿನಲ್ಲಿ ಬೆಳೆಯುವ ನಿಂಫಾಯ್ಡಿಸ್ ಹೂ ಹಳದಿ, ಅಲ್ಲಿನ ದೊಡ್ಡ ನೈದಿಲೆ ಬಿಳಿ. ಆದರೆ ಬಣ್ಣ ನಂಬುವ ಹಾಗಿಲ್ಲ ಅಂತ ನಿಯಮ ಮಾಡಿದ್ದು ಅವರೇ. ಇಲ್ಲಿ ಹೂವಿಗೆ ಬಣ್ಣವನ್ನೇ ಹಚ್ಚದೆ ಬಿಟ್ಟಿದ್ದಾರೋ, ಬಿಳಿ ಅನ್ನುವ ಉದ್ದೇಶವೋ? ಆ ಕಾಲದ ಪುಸ್ತಕಗಳಲ್ಲಿ ‘ನೆನುಫಾರ್’ ಹೆಸರಿನ ಕೆಳಗೆ ನೈದಿಲೆಯ ಚಿತ್ರಗಳಿವೆ. ಅವುಗಳ ಜೊತೆ ಇಟ್ಟು ನೋಡಿದ ಮೇಲೆ ನೈದಿಲೆಯ ಕಡೆ ತೂಕ ಜಾಸ್ತಿ ಆಯಿತು. ಆದರೂ ಕೋಷ್ಟಕದಲ್ಲಿ ಎರಡೂ ಹೆಸರು ಉಳಿದವು. ಶಿಷ್ಯನಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ. ನೈದಿಲೆ ಅಂತ ಒಂದೇ ಬರೆಯಬೇಕಿತ್ತು ಅನ್ನುತ್ತಾನೆ. ನಾನು ಮೇಡಂ ಪರ.

93ರ ಮುಂಬದಿಗೆ ಬಂದಾಗ ಶಿಷ್ಯನೇ ಕೋಷ್ಟಕ ತುಂಬಿದ. ಕೊನೆಯ ಕಾಲಂನಲ್ಲಿ ಅವನೇ ಬರೆದ: ಪುಸ್ತಕ 1492ಕ್ಕಿಂತ ಹಳೆಯದಾದರೆ ಸೂರ್ಯಕಾಂತಿ ಬಿಡಬೇಕು. ಹಾಗಾದರೆ ಯಾವ ಗಿಡ? ಸೂರ್ಯಕಾಂತಿಯ ಕುಟುಂಬದಲ್ಲಿ ದೊಡ್ಡ ತಲೆಯ ಹೂ ಬಿಡುವ ಗಿಡಗಳು ಯುರೋಪಿನಲ್ಲೂ ಇವೆ. ಇನ್ಯುಲಾ ಹೆಲೆನಿಯಂ ಅವುಗಳಲ್ಲೊಂದು, ಬೇರಿಗಾಗಿ ಹಳೆ ಕಾಲದಿಂದ ಔಷಧಿಗೆ ಬಳಸಿದ್ದಾರೆ. ಶಿಷ್ಯ ಆ ಹೆಸರು ಬರೆಯಲು ಪೆನ್ನು ಎತ್ತಿದ. ಎಲೆಯ ಸಾಲು ನೋಡಿದ, ಸಮಕಾಲೀನ ಚಿತ್ರದ ಸಾಲು ನೋಡಿದ. ಅಲ್ಲಿ ಬರೆಯಲು ಗಟ್ಟಿಯಾದದ್ದೇನೂ ಇರಲಿಲ್ಲ. ಕುಟುಂಬದ ಹೆಸರು ಬರೆದು ನಿಲ್ಲಿಸಿದ. ಹೊಲದಲ್ಲಿ ಸೂರ್ಯಕಾಂತಿ ನೋಡಿಯೇ ಹೊಟ್ಟೆ ಹೊರೆಯುವವನು ಅಲ್ಲಿ ಕೈ ತಡೆದದ್ದು ಸಣ್ಣ ವಿಷಯವಲ್ಲ.

ಈಗಿನ ಸ್ಥಿತಿ

ಲೇಖನ ಬರಲಿಲ್ಲ. ಬದಲಿಗೆ ಆ ಮೂರು ಕೋಷ್ಟಕಗಳು ಮತ್ತು ಹೆಸರು ಮುಚ್ಚಿದ ಪರೀಕ್ಷೆಯ ವಿಧಾನವನ್ನು ಮೇಡಂ ತಮ್ಮ ಹಳೇ ವಿಭಾಗದ ವಿದ್ಯಾರ್ಥಿಗಳಿಗೆ ಕೊಟ್ಟಿದ್ದಾರೆ. ಅವರು ಅದನ್ನು ಬೇರೆ ಪುಟಗಳ ಮೇಲೆ ಮಾಡುತ್ತಿದ್ದಾರೆ. ಇಂಥ ಕೆಲಸಕ್ಕೆ ಕೈ ಹಾಕುವವರು ಓದಬಲ್ಲ ಪುಸ್ತಕದ ಪರೀಕ್ಷೆಯನ್ನು ಮೊದಲೇ ಮಾಡಿಕೊಳ್ಳಲಿ, ಪಟ್ಟಿ ಬೆಳೆದ ಮೇಲೆ ಬೇಡ. ಪಟ್ಟಿ ಬೆಳೆದ ಮೇಲೆ ಹೆಸರು ಬಿಡುವುದಕ್ಕೆ ಮನಸ್ಸು ಬರಲ್ಲ, ಶಿಷ್ಯನ ವಿಷಯದಲ್ಲಿ ಕಣ್ಣಾರೆ ನೋಡಿದ್ದೇನೆ.

ಇನ್ನೊಂದು ದಾರಿಯೂ ತೆರೆದಿದೆ. ಪುಸ್ತಕದ ಕೊನೆಯ ಕಡೆ ಔಷಧಿ ಜಾಡಿಗಳ ಪಕ್ಕ ಸಣ್ಣ ಸಣ್ಣ ಬೇರು-ಎಲೆಗಳ ಚಿತ್ರಗಳಿವೆ. ಅವುಗಳಲ್ಲಿ ಕೆಲವು ಪುಸ್ತಕದ ಮೊದಲ ಭಾಗದ ದೊಡ್ಡ ಗಿಡಗಳ ಬೇರು-ಎಲೆಗಳನ್ನೇ ಹೋಲುತ್ತವೆ. ಒಂದೇ ಗಿಡವನ್ನು ಅದೇ ಪುಸ್ತಕದಲ್ಲಿ ಎರಡು ಕಡೆ ಬರೆದಿದ್ದರೆ, ಎರಡರಲ್ಲೂ ಬದಲಾಗದೆ ಉಳಿದ ಭಾಗ ಯಾವುದು? ಬರೆದವರು ಆ ಗಿಡದಲ್ಲಿ ಯಾವುದನ್ನು ಮುಖ್ಯ ಅಂದುಕೊಂಡಿದ್ದರು ಅನ್ನುವುದು ಅಲ್ಲಿ ಸಿಗಬಹುದು. ಈ ಜೋಡಿಗಳನ್ನು ಹುಡುಕುವ ಕೆಲಸ ಶಿಷ್ಯ ತಾನೇ ವಹಿಸಿಕೊಂಡಿದ್ದಾನೆ. ಪ್ರತಿ ಜೋಡಿಯ ಮುಂದೆ ಗಿಡದ ಹೆಸರಿನ ಕಾಲಂ ಸದ್ಯಕ್ಕೆ ಖಾಲಿ ಬಿಟ್ಟಿದ್ದಾನೆ.